ಡಿಸೆಂಬರ್ ಕೊನೆಗೆ ಕೇದಾರಕಂಠ: ಹಿಮದ ಹಾದಿಗೆ ಮೈಕ್ರೋಸ್ಪೈಕ್ ಸಾಕಾ?

ಚಾರಣಿ_ಬೆಂಗಳೂರು:
ಡಿಸೆಂಬರ್ ಕೊನೆಯ ವಾರ ನಾವು ನಾಲ್ವರು ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಹೊರಟಿದ್ದೇವೆ. ಸಾಂಕ್ರಿಯಿಂದ ಜೂಡಾ ಕಾ ತಾಲಾಬ್, ಅಲ್ಲಿಂದ ಬೇಸ್ ಕ್ಯಾಂಪ್, ತುದಿ ಮುಟ್ಟಿ ಹರ್‌ಗಾಂವ್ ಕಡೆ ಇಳಿಯೋದು. ಕುಮಾರಪರ್ವತ ಹತ್ತಿ ಅಭ್ಯಾಸವಿದೆ, ಹಿಮದ ಮೇಲೆ ನಡೆದೇ ಇಲ್ಲ. ಮೈಕ್ರೋಸ್ಪೈಕ್ (ಬೂಟಿನ ಮೇಲೆ ಎಳೆದು ಹಾಕೋ, ಸಣ್ಣ ಹಲ್ಲುಗಳ ಸರಪಳಿ) ಸಾಕಾ, ಕ್ರಾಂಪಾನ್ (ಬೂಟಿಗೆ ಬಿಗಿಯೋ, ಉದ್ದ ಹಲ್ಲುಗಳ ಲೋಹದ ಚೌಕಟ್ಟು) ಬೇಕಾ? ತುದಿಗೆ ನಸುಕಿನ 3 ಗಂಟೆಗೇ ಹೊರಡಬೇಕು ಅಂತಾರೆ, ಬೆಳಕು ಹರಿದ ಮೇಲೆ ಹೊರಟರೆ ಆಗಲ್ವಾ?

ಹಿಮದಾರಿ:
ಮೈಕ್ರೋಸ್ಪೈಕ್ ಸಾಕು ಸರ್. ಕ್ರಾಂಪಾನ್‌ಗೆ ಅಟ್ಟೆ ಬಾಗದ ಗಡುಸು ಬೂಟು ಬೇಕು, ಕಡಿದಾದ ಐಸ್ ಇರೋ ಕಡೆಗೆ ಅದು.

ಹೊಸಬರು ಆಳದ ಹಿಮಕ್ಕೆ ಹೆದರ್ತಾರೆ. ಜಾರಿ ಬೀಳೋದು ಮಾತ್ರ ಕೆಳಗಿನ ಕಾಡಿನಲ್ಲಿ, ನೆರಳಿರೋ ಕಡೆ. ನೂರಾರು ಜನ ತುಳಿದ ಹಿಮ ಮಧ್ಯಾಹ್ನ ಸ್ವಲ್ಪ ಕರಗಿ, ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತೆ. ಮೇಲೆ ಒಂದಿಷ್ಟು ಪುಡಿ ಹಿಮ ಬಿದ್ದರೆ ಕಣ್ಣಿಗೇ ಕಾಣಲ್ಲ. ಜಾರೋಕೆ ಶುರುವಾದ ಮೇಲಲ್ಲ, ಅಂಥ ಜಾಗ ಬರೋ ಮುಂಚೆಯೇ ಸ್ಪೈಕ್ ಹಾಕಿ.

ಹಾಕುವಾಗ ರಬ್ಬರ್ ಪಟ್ಟಿಯನ್ನ ಮೊದಲು ಬೆರಳಿನ ಕಡೆ ಸಿಕ್ಕಿಸಿ, ಆಮೇಲೆ ಹಿಮ್ಮಡಿಗೆ ಎಳೀರಿ. ಸರಪಳಿ ಅಟ್ಟೆಯ ನಡುವೆಯೇ ಕೂರಬೇಕು. ಸಡಿಲ ಇದ್ದರೆ ಪಕ್ಕಕ್ಕೆ ಸರಿದು ಪಾದ ಹೊರಳುತ್ತೆ. ಮನೆಯಲ್ಲೇ ನಿಮ್ಮ ಬೂಟಿಗೆ ಗ್ಲೌಸ್ ಹಾಕಿಕೊಂಡೇ ಹತ್ತು ಸಲ ಹಾಕಿ ತೆಗೆದು ನೋಡಿ. ಬಿಸಿಲೇರಿದ ಮೇಲೆ ಒದ್ದೆ ಹಿಮ ಹಲ್ಲುಗಳ ನಡುವೆ ಉಂಡೆ ಕಟ್ಟುತ್ತೆ, ಆಗ ಸ್ಪೈಕ್ ಇದ್ದೂ ಇಲ್ಲದ ಹಾಗೆ. ಕೋಲಿನಿಂದ ಬೂಟಿನ ಪಕ್ಕಕ್ಕೆ ತಟ್ಟಿದರೆ ಉದುರುತ್ತೆ.

ಇಳಿಯುವಾಗ ಕೆಲವರು ಕೂತು ಜಾರ್ತಾರೆ. ಸ್ಪೈಕ್ ಹಾಕಿಕೊಂಡು ಖಂಡಿತ ಬೇಡ. ಒಂದು ಹಲ್ಲು ಹಿಮಕ್ಕೆ ಕಚ್ಚಿದರೂ ಕಾಲು ಅಲ್ಲೇ ನಿಲ್ಲುತ್ತೆ, ಮೈ ಮುಂದೆ ಹೋಗುತ್ತೆ. ಮುರಿಯೋದು ಕಣಕಾಲು.

ಬೆಳ್ಳಿಬೆಟ್ಟ:
ಹೊರಡೋ ಸಮಯದ ಬಗ್ಗೆ: ಬೇಸ್ ಕ್ಯಾಂಪ್ ಸುಮಾರು 11,250 ಅಡಿ, ತುದಿ 12,500 ಅಡಿ. ಏರೋಕೆ ಎರಡೂವರೆಯಿಂದ ಮೂರೂವರೆ ಗಂಟೆ. ಸೂರ್ಯೋದಯ ನೋಡಲಿ ಅಂತ ಮಾತ್ರ ಬೇಗ ಹೊರಡಿಸಲ್ಲ. ನಸುಕಿನಲ್ಲಿ ಹಿಮ ಬಿಗಿಯಾಗಿರುತ್ತೆ, ಕಾಲು ಮೇಲೇ ನಿಲ್ಲುತ್ತೆ. ಹತ್ತು ಗಂಟೆ ದಾಟಿ ಬಿಸಿಲು ಬಲಿತರೆ ಮಂಡಿವರೆಗೆ ಹೂತು, ಕಾಲು ಕೀಳೋದರಲ್ಲೇ ಶಕ್ತಿ ಹೋಗುತ್ತೆ. ಮಧ್ಯಾಹ್ನ ಮೋಡ ಕವಿಯೋದೂ ಉಂಟು. ಬೆಳಕು ಹರಿದ ಮೇಲೆ ಹೊರಟರೆ ಇಳಿಯೋದು ಈ ಹೊತ್ತಿಗೇ ಸಿಕ್ಕಿಬೀಳುತ್ತೆ.

ನೀರಿಗೆ ಟ್ಯೂಬಿನ ಬ್ಲ್ಯಾಡರ್ (ಬೆನ್ನುಚೀಲದಲ್ಲಿಟ್ಟು ಟ್ಯೂಬಿನಿಂದ ಹೀರೋ ನೀರಿನ ಚೀಲ) ನಂಬಬೇಡಿ, ಮೊದಲು ಹೆಪ್ಪುಗಟ್ಟೋದೇ ಆ ಟ್ಯೂಬ್. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲ ತೊಡಿಸಿ, ತಲೆಕೆಳಗಾಗಿ ಇಡಿ. ಐಸ್ ಮೇಲಿನಿಂದ ಕಟ್ಟುತ್ತೆ, ಹಾಗಾಗಿ ಮುಚ್ಚಳದ ಕಡೆ ನೀರು ಉಳಿಯುತ್ತೆ. ರಾತ್ರಿ ಹೆಡ್‌ಲ್ಯಾಂಪ್ ಬ್ಯಾಟರಿ, ಫೋನು, ಬೂಟಿನ ಒಳಅಟ್ಟೆ ಎಲ್ಲ ಸ್ಲೀಪಿಂಗ್ ಬ್ಯಾಗಿನೊಳಗೆ.

ಜೀನ್ಸ್, ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಕುಡಿದ ಹತ್ತಿ ಆರಲ್ಲ, ನಿಂತ ತಕ್ಷಣ ಮೈ ಕೊರೆಯುತ್ತೆ. ದಪ್ಪ ಡೌನ್ ಜಾಕೆಟ್ (ಹಕ್ಕಿಯ ಪುಕ್ಕ ತುಂಬಿದ್ದು) ಹಾಕಿಕೊಂಡು ಏರಬೇಡಿ, ನಿಂತಾಗ ಹಾಕೋಕೆ ಅದು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೇ ಸರಿ. ಕಪ್ಪು ಕನ್ನಡಕ ನಾಲ್ವರಿಗೂ ಇರಲಿ.

ಚಾರಣಿ_ಬೆಂಗಳೂರು:
ತುಂಬಾ ಉಪಕಾರ ಆಯ್ತು. ಮೇಲೆ ತಲೆನೋವು ಬಂದರೆ ಡೋಲೋ ನುಂಗಿ ಮುಂದುವರಿಬಹುದಾ?

ಹಿಮದಾರಿ:
ಮಾತ್ರೆ ನೋವನ್ನ ಮುಚ್ಚುತ್ತೆ, ಕಾರಣ ಹಾಗೇ ಉಳಿಯುತ್ತೆ. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರೋದು, ವಿಪರೀತ ಸುಸ್ತು ಇದ್ದರೆ ಎತ್ತರದ ತೊಂದರೆ ಅಂತಲೇ ತಿಳಿದು ಅಲ್ಲೇ ನಿಲ್ಲಿ, ಏರಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಾಗಲೂ ಉಸಿರು ಕಟ್ಟಿದರೆ ರಾತ್ರಿಯಾದರೂ ಸರಿ ಇಳಿಸಬೇಕು, ಒಬ್ಬರನ್ನೇ ಕಳಿಸಬೇಡಿ. ಎತ್ತರದ ತೊಂದರೆ ತಡೆಯೋಕೆ ಕೊಡೋ ಡೈಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡೋ ಮುಂಚೆ ವೈದ್ಯರನ್ನ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಇಡೀ ದಿನದ ಪ್ರಯಾಣ. ಆ ರಾತ್ರಿ ಸಾಂಕ್ರಿಯಲ್ಲೇ ಮಲಗಿ, ಮರುದಿನ ಹತ್ತಿ.