ಫಿಕ್ಸ್ ಅಂದ್ರ ರಿಪೇರಿನೋ ಬಿಗಿಯೋದೋ? ಟರ್ಕಿ ಮಷೀನಿನ ಪುಸ್ತಕ ಓದೋರ ಪ್ರಶ್ನೆಗೋಳು

ಪ್ರಶ್ನೆ (ಬೆಳಗಾವಿ, ಉದ್ಯಮಬಾಗ): ಅಕ್ಕಾರ ನಮಸ್ಕಾರ್ರಿ. ನೀವು ಟರ್ಕಿ ಭಾಷೆದಾಗ ಮಷೀನ್ ಪುಸ್ತಕ ಅನುವಾದ ಮಾಡ್ತೀರಿ ಅಂತ ಕೇಳಿದ್ನಿ, ಅದಕ್ಕ ಇಲ್ಲಿ ಹಾಕಾಕತ್ತೀನಿ. ನಮ್ಮ ವರ್ಕ್‌ಶಾಪಿಗೆ ಸೆಕೆಂಡ್ ಹ್ಯಾಂಡ್ ಶೀಟ್ ಬೆಂಡಿಂಗ್ ಮಷೀನ್ ಬಂದೈತ್ರಿ, ಟರ್ಕಿಯ ಬುರ್ಸಾ ಊರಾಗ ಮಾಡಿದ್ದು ಅಂತ ಪ್ಲೇಟ್ ಮ್ಯಾಲೆ ಐತಿ. ಪುಸ್ತಕ ಎರಡು ಕೊಟ್ಟಾರ, ಒಂದು ಟರ್ಕಿದು ಒಂದು ಇಂಗ್ಲಿಷಿಂದು, ಇಂಗ್ಲಿಷಿಂದ್ರಾಗ ಅರ್ಧ ಹಾಳಿ ಇಲ್ಲ, ಇದ್ದದ್ರಾಗ ಎಲ್ಲಿ ನೋಡಿದ್ರೂ ಫಿಕ್ಸ್ ಮಾಡ್ರಿ ಫಿಕ್ಸ್ ಮಾಡ್ರಿ ಅಂತ ಬರದಾರ. ಬ್ಯಾಕ್ ಗೇಜ್ (ತಗಡು ಎಷ್ಟು ಒಳಗ ಹೋಗಬೇಕು ಅಂತ ಹಿಂದ ತಡಿಯೋ ಅಳತಿ ಪಟ್ಟಿ) ಫಿಕ್ಸ್ ಮಾಡ್ರಿ ಅಂತ ಒಂದ್ಕಡೆ ಐತಿ, ನಮ್ಮ ಹುಡುಗ ಅದನ್ನ ಓದಿ, ಓಹೋ ಇದು ಕೆಟ್ಟೈತಿ ಅಂತ ಪಾನಾ ಹಿಡ್ಕೊಂಡು ಬಿಚ್ಚಾಕ ನಿಂತುಬಿಟ್ಟ. ಟರ್ಕಿ ಭಾಷೆದಾಗ ರಿಪೇರಿಗೆ ಏನಂತಾರ್ರಿ? ಆ ಒಂದ್ ಶಬ್ದ ಗೊತ್ತಾದ್ರ ನಾವ ಹುಡಿಕ್ಕೋತೀವಿ.

ಉತ್ತರ: ಅಣ್ಣಾರ, ಹುಡುಗನ ತಪ್ಪಿಲ್ಲ ಬಿಡ್ರಿ. ಇಂಗ್ಲಿಷಿನ ಫಿಕ್ಸ್ ಅನ್ನೋದು ಭಾಳ ಉಡಾಳ ಶಬ್ದ. ಕೆಟ್ಟದ್ದನ್ನ ಸರಿ ಮಾಡೋದೂ ಫಿಕ್ಸ್, ಅಲುಗಾಡದಂಗ ಬಿಗಿಯೋದೂ ಫಿಕ್ಸ್, ಮದುವಿ ತಾರೀಖು ಗೊತ್ತುಮಾಡೋದೂ ಫಿಕ್ಸ್, ರೊಕ್ಕ ತಿಂದು ಮ್ಯಾಚ್ ಸೋಲೋದೂ ಫಿಕ್ಸ್. ಟರ್ಕಿಯವರು ಇವಕ್ಕೆಲ್ಲ ಬ್ಯಾರೆ ಬ್ಯಾರೆ ಶಬ್ದ ಇಟ್ಕೊಂಡಾರ. ಕೆಟ್ಟ ಮಷೀನು, ಗಾಡಿ, ಚಪ್ಪಲಿ ಸರಿ ಮಾಡೋದಕ್ಕ ತಾಮಿರ್ ಎತ್ಮೆಕ್. ಬೋಲ್ಟ್ ಹಾಕಿ ಜಾಗಾದಾಗ ನಿಲ್ಲಿಸೋದಕ್ಕ ಸಾಬಿತ್ಲೆಮೆಕ್, ನಮ್ಮ ಕೋರ್ಟಿನ ಸಾಬೀತು ಐತೆಲ್ಲ, ಅದ ಅರಬ್ಬಿ ಶಬ್ದ ಅಲ್ಲಿ ಹೋಗಿ ಗಟ್ಟಿ ನಿಂತದ್ದು ಅನ್ನೋ ಅರ್ಥದಾಗ ಕುಂತೈತಿ. ಅಳತಿ ಸೆಟ್ ಮಾಡೋದು ಆಯಾರ್ಲಾಮಾಕ್. ತಪ್ಪು ತಿದ್ದೋದು, ಸೊಟ್ಟ ಆದದ್ದನ್ನ ನೆಟ್ಟಗ ಮಾಡೋದು ದ್ಯೂಜೆಲ್ತ್‌ಮೆಕ್. ಮ್ಯಾಚ್ ಫಿಕ್ಸಿಂಗಿಗೆ ಶಿಕೆ ಅಂತಾರ, ಅದು ನಿಮಗ ಬ್ಯಾಡ.

ಈಗ ಬ್ಯಾಕ್ ಗೇಜಿನ ಹಾಳಿ ಟರ್ಕಿ ಪುಸ್ತಕದಾಗ ತಗೀರಿ. ಅಲ್ಲಿ ಸಾಬಿತ್ಲೆಯಿನ್ ಅಂತ ಇದ್ರ ಬಿಗೀರಿ ಅಂತ ಅರ್ಥ, ಬಿಚ್ಚೂದು ಏನಿಲ್ಲ. ಆಯಾರ್ಲಾಯಿನ್ ಇದ್ರ ಅಳತಿ ಹೊಂದಿಸ್ರಿ ಅಂತ. ಅದಕ್ಕ ನಾ ಹೇಳೋದು, ರಿಪೇರಿಗೆ ಒಂದ ಶಬ್ದ ಹಿಡ್ಕೊಂಡು ಹುಡುಕಬ್ಯಾಡ್ರಿ, ಯಾವ ಸಾಮಾನಿನ ಮುಂದ ಆ ಶಬ್ದ ಬಂದೈತಿ ಅದನ್ನ ಮೊದ್ಲ ನೋಡ್ರಿ.

ಪ್ರಶ್ನೆ (ಅವರ): ಬರೋಬ್ಬರಿ ಸಾಬಿತ್ಲೆಯಿನ್ ಅಂತನ ಐತ್ರಿ ಅಕ್ಕಾರ! ಇನ್ನೊಂದು. ಹೈಡ್ರಾಲಿಕ್ ಹೋಸ್ ಪೈಪಿನ ಹಾಳಿಮ್ಯಾಲೆ ಕೆಂಪು ಚೌಕಟ್ಟಿನಾಗ ಒಂದು ಸಾಲು ಐತಿ, ಅನುವಾದಕ್ಕ ಮೊಬೈಲ್ ಹಿಡದ್ರ ಒಮ್ಮೆ ‘ಪೈಪ್ ರಿಪೇರಿ ಮಾಡಿ ಬದಲಾಯಿಸಿ’ ಅಂತೈತಿ, ಇನ್ನೊಮ್ಮೆ ಬ್ಯಾರೇನ ಅಂತೈತಿ. ರಿಪೇರಿ ಮಾಡಿದ ಮ್ಯಾಲೆ ಯಾಕ ಬದಲಾಯಿಸ್ಬೇಕ್ರಿ? ಮಾಲಕರು ಸದ್ಯಕ್ಕ ಕ್ಲಿಪ್ ಹಾಕಿ ನಡಸ್ರಿ ಅನ್ನಾಕತ್ತಾರ. ಸಾಲು ಹಿಂಗೈತಿ: ಹಾಸಾರ್ಲಿ ಹೋರ್ತುಮು ತಾಮಿರ್ ಎತ್ಮೆಯಿನ್, ದೆಯಿಷ್ತಿರಿನ್.

ಉತ್ತರ: ತಡೀರಿ, ಕ್ಲಿಪ್ ಹಾಕಬ್ಯಾಡ್ರಿ! ಆ ಸಾಲಿನ ಅರ್ಥ ಪೂರ್ತಿ ಉಲ್ಟಾ ಐತಿ. ‘ಡ್ಯಾಮೇಜ್ ಆದ ಪೈಪ್ ರಿಪೇರಿ ಮಾಡಬ್ಯಾಡ್ರಿ, ಹೊಸಾದು ಹಾಕ್ರಿ.’

ನಮ್ಮ ಭಾಷೆದಾಗ ಬ್ಯಾಡ ಅನ್ನೋದು ಕಡೀಕ ಬಂದು ಕಿವಿ ಹಿಂಡಿ ಹೇಳ್ತೈತಿ, ಮಾಡ್ರಿ, ಮಾಡಬ್ಯಾಡ್ರಿ. ಟರ್ಕಿ ಭಾಷೆದಾಗ ಅದು ಕ್ರಿಯಾಪದದ ನಡುವ ಮೆ ಇಲ್ಲಾ ಮಾ ಆಗಿ ಸಣ್ಣಗ ಸೇರ್ಕೊಂಡಿರ್ತೈತಿ. ತಾಮಿರ್ ಎದಿನ್ ಅಂದ್ರ ರಿಪೇರಿ ಮಾಡ್ರಿ, ತಾಮಿರ್ ಎತ್ಮೆಯಿನ್ ಅಂದ್ರ ಮಾಡಬ್ಯಾಡ್ರಿ. ಸ್ಯೋಕ್ಯುನ್ ಬಿಚ್ರಿ, ಸ್ಯೋಕ್ಮೆಯಿನ್ ಬಿಚ್ಚಬ್ಯಾಡ್ರಿ. ಆಚಿನ್ ತಗೀರಿ, ಆಚ್ಮಾಯಿನ್ ತಗೀಬ್ಯಾಡ್ರಿ. ಎಣ್ಣಿ ಕಲೆ ಬಿದ್ದ ಹಾಳಿ ಫೋಟೊ ಹಿಡದ್ರ ಆ ಎರಡಕ್ಷರ ಮೊಬೈಲಿಗೆ ಕಾಣಂಗಿಲ್ಲ, ಅಲ್ಲೇ ಕೆಲಸ ಕೆಡ್ತೈತಿ. ಕೆಂಪು ಚೌಕಟ್ಟಿನಾಗ ಇದ್ದದ್ದು ಬಹುತೇಕ ಬ್ಯಾಡ ಅನ್ನೋ ಮಾತ ಇರ್ತಾವ, ಅವನ್ನ ಕಣ್ಣಿಲೆ ಓದ್ರಿ, ಮೆ ಮಾ ಎಲ್ಲೈತಿ ಅಂತ ಪೆನ್ಸಿಲ್‌ಲೆ ಗೆರಿ ಹಾಕ್ರಿ.

ಮತ್ತ ಪೈಪಿನ ಮಾತಿಗೆ ಅಣ್ಣಾರ, ಎಣ್ಣಿ ಲೀಕ್ ಎಲ್ಲೈತಿ ಅಂತ ಕೈ ಸವರಿ ನೋಡ್ತಾರೆಲ್ಲ, ಅದನ್ನ ಯಾರೂ ಮಾಡಬಾರ್ದು. ಆ ಪ್ರೆಶರ್‌ನಾಗ ಸೂಜಿಯಷ್ಟು ತೂತಿನಿಂದ ಬರೋ ಎಣ್ಣಿ ಚರ್ಮ ತೂರಿ ಒಳಗ ಹೋಗ್ತೈತಿ, ಹೊರಗ ಗಾಯ ಕಾಣಂಗಿಲ್ಲ, ಆದ್ರ ಬೆರಳು ಕಳಕೊಂಡೋರು ಅದಾರ, ಹಂಗೇನರ ಆದ್ರ ಆ ಕ್ಷಣಾನ ದವಾಖಾನಿಗೆ ಓಡಬೇಕು. ರಟ್ಟು ಹಿಡದು ನೋಡ್ರಿ. ಪೈಪ್ ಬಿಚ್ಚೂ ಮುಂಚೆ ಮ್ಯಾಲಿನ ರಾಮ್ (ತಗಡು ಬಗ್ಗಿಸಾಕ ಕೆಳಗ ಒತ್ತೋ ಭಾಗ) ಕೆಳಗ ಇಳಿಸಿ ಇಲ್ಲಾ ಬ್ಲಾಕ್ ಕೊಟ್ಟು ನಿಲ್ಲಿಸಿ, ಪ್ರೆಶರ್ ತಗೀಬೇಕು. ಪುಸ್ತಕದಾಗ ಬಾಸಿಂಜಿ ಬೋಶಾಲ್ತಿನ್ ಅಂತ ಇರ್ತೈತಿ, ಪ್ರೆಶರ್ ಖಾಲಿ ಮಾಡ್ರಿ ಅಂತ.

ಪ್ರಶ್ನೆ (ಬಾಗಲಕೋಟೆ): ಮೇಡಮ್ ನಾವು ಗ್ರಾನೈಟ್ ಕಟಿಂಗ್‌ನವ್ರು, ನಮ್ಮ ಕಡೀನೂ ಒಂದು ಟರ್ಕಿ ಮಷೀನ್ ಐತಿ. ಮೊಬೈಲಿನಾಗ ‘ಫ್ರೇಮಿಗೆ ಮೂಲ ಮಾಡಬೇಡಿ’ ಅಂತ ಬರ್ತೈತಿ, ಎಂಥಾ ಮೂಲನೋ ಏನೋ, ನಮ್ಮ ಆಪರೇಟರ್ ಡಾಕ್ಟರ್‌ನ್ನ ಕೇಳ್ರಿ ಅಂತ ನಗತಾನ.

ಉತ್ತರ: 😄 ಅದು ಕಾಯ್ನಾಕ್. ಆ ಶಬ್ದಕ್ಕ ನೀರಿನ ಸೆಲಿ, ಮೂಲ ಅಂತನೂ ಅರ್ಥ ಐತಿ, ವೆಲ್ಡಿಂಗ್ ಅಂತನೂ ಐತಿ. ಫ್ರೇಮಿಗೆ ವೆಲ್ಡಿಂಗ್ ಮಾಡಬ್ಯಾಡ್ರಿ ಅಂತ ಹೇಳ್ಯಾರ ಅಷ್ಟ.

ಪ್ರಶ್ನೆ (ಗುಳೇದಗುಡ್ಡ): ಅಕ್ಕಾರ ನಮ್ದು ಮಷೀನ್ ಅಲ್ರಿ, ಖಣದ್ದು. ಇಸ್ತಾಂಬುಲ್ಲಿನ ಒಬ್ರು ಹಳೇ ಖಣ ಕೇಳ್ಯಾರ, ಒಂದರಾಗ ಸಣ್ಣ ಹರಕು ಐತಿ, ರಫು ಮಾಡಿಸೀವಿ, ಇನ್ನೊಂದಕ್ಕ ಹಿಂದಿಂದ ತ್ಯಾಪಿ ಹಚ್ಚೀವಿ. ತಾಮಿರ್ ಅಂತ ಬರದ್ರ ನಡೀತೈತೇನ್ರಿ?

ಉತ್ತರ: ಗಿರಾಕಿಗೆ ತಿಳೀತೈತಿ, ಆದ್ರ ಯಾವುದಕ್ಕ ಏನ್ ಮಾಡೀರಿ ಅನ್ನೋದು ತಿಳಿಯಂಗಿಲ್ಲ, ಆಮ್ಯಾಲೆ ಜಗಳಾ. ತ್ಯಾಪಿಗೆ ಯಾಮಾ, ತ್ಯಾಪಿ ಹಚ್ಚೂದಕ್ಕ ಯಾಮಾಮಾಕ್. ನಿಮ್ಮ ಹೆಂಗಸರು ಎಳಿ ಎಳಿ ಹಿಡದು ಅಡ್ಡ ಉದ್ದ ನೇಯ್ದು ಮುಚ್ಚಿದ್ರ ಅದಕ್ಕ ಓರೆರೆಕ್ ಒನಾರ್ಮಾಕ್ ಅನ್ರಿ, ನೇಯ್ದು ಸರಿ ಮಾಡಿದ್ದು ಅಂತ. ಒನಾರ್ಮಾಕ್ ಅಚ್ಚ ಟರ್ಕಿ ಶಬ್ದ, ತಾಮಿರ್ ಅರಬ್ಬಿಯಿಂದ ಬಂದದ್ದು, ಎರಡೂ ರಿಪೇರಿನ, ಬರವಣಿಗಿದಾಗ ಒನಾರ್ಮಾಕ್ ಜಾಸ್ತಿ ಕಾಣ್ತೈತಿ. ಫೋಟೊ ಮಾತ್ರ ಹಿಂದಿಂದೂ ಕಳಸ್ರಿ.

ಪ್ರಶ್ನೆ (ವಿಜಯಪುರ): ದುರಸ್ತಿ ಅನ್ನೋದು ಅವರಲ್ಲಿ ಇಲ್ಲೇನ್ರಿ? ನಮ್ಮ ಆದಿಲ್‌ಶಾಹಿ ಊರಾಗ ಅರ್ಧ ಶಬ್ದ ಆ ಕಡಿಂದನ ಬಂದಾವಲ್ಲ.

ಉತ್ತರ: ಐತ್ರಿ, ಆದ್ರ ಮೋಸ ಹೋಗಬ್ಯಾಡ್ರಿ. ಫಾರ್ಸಿಯ ದುರುಸ್ತ್ ಅಲ್ಲಿ ದ್ಯುರುಸ್ತ್ ಆಗಿ ಪ್ರಾಮಾಣಿಕ ಅನ್ನೋ ಅರ್ಥಕ್ಕ ಹೋಗೈತಿ, ದ್ಯುರುಸ್ತ್ ಮೆಕ್ಯಾನಿಕ್ ಅಂದ್ರ ಮೋಸ ಮಾಡದ ಮೆಕ್ಯಾನಿಕ್. ಅಂಥಾವ್ರು ಸಿಕ್ರ ನನಗೂ ನಂಬರ್ ಕೊಡ್ರಿ. ತಾಮಿರ್ ಮತ್ತ ನಮ್ಮ ಇಮಾರತು ಎರಡೂ ಒಂದ ಅರಬ್ಬಿ ಬೇರಿನವು. ನಿಮ್ಮೂರಿನ ಮುಲ್ಕ್ ಮೈದಾನ್ ತೋಪು ಎರಕ ಹೊಯ್ದವನೂ ಮಹಮ್ಮದ್ ರೂಮಿ ಅನ್ನೋ ಟರ್ಕಿಯವ, 1549ರಾಗ ಅಹ್ಮದನಗರದಾಗ ಹೊಯ್ದದ್ದು. ಹಳೇ ಕಟ್ಟಡ ಮೊದಲಿನಂಗ ಮಾಡೋದಕ್ಕ ಈಗ ಅಲ್ಲಿ ರೆಸ್ತೋರೆ ಎತ್ಮೆಕ್ ಅಂತಾರ.

ಪ್ರಶ್ನೆ (ಉದ್ಯಮಬಾಗ): ಅಕ್ಕಾರ ಪೈಪ್ ಆರ್ಡರ್ ಹಾಕಿದ್ವಿ. ಕಡೀ ಹಾಳ್ಯಾಗ ಬಾಕಿಮ್ ಅಂತ ದೊಡ್ಡ ಟೇಬಲ್ ಐತಿ, ಅದೂ ರಿಪೇರಿನ?

ಉತ್ತರ: ಅಲ್ರಿ, ಅದು ಮೇಂಟೆನೆನ್ಸ್. ಬಾಕ್ಮಾಕ್ ಅಂದ್ರ ನೋಡೋದು, ನೋಡ್ಕೊಳ್ಳೋದು. ದಿನಾ, ವಾರಕ್ಕ, ತಿಂಗಳಿಗೆ ಅಂತ ಕಾಲಂ ಇರ್ತಾವ, ಗ್ಯುನ್‌ಲ್ಯುಕ್, ಹಾಫ್ತಾಲಿಕ್, ಆಯ್ಲಿಕ್, ಹಫ್ತಾ ಅಂತೂ ನಿಮಗ ಗೊತ್ತ ಐತಿ. ಕೆಟ್ಟ ಮ್ಯಾಲೆ ನೋಡೋ ಟೇಬಲ್ ಬ್ಯಾರೆ, ಅದರ ಮ್ಯಾಲೆ ಆರಿಜಾ ಅಂತ ಇರ್ತೈತಿ. ಎರಡೂ ಹಾಳಿ ಬೆಳಕಿನಾಗ ನೆಟ್ಟಗ ಫೋಟೊ ಹಿಡದು ಹಾಕ್ರಿ, ನಾಳೆ ಸಂಜಿಕ ಕನ್ನಡದಾಗ ಬರದು ಕೊಡ್ತೀನಿ, ಮಷೀನಿಗೆ ಅಂಟಿಸ್ಕೋರಿ.