ಅಪ್‌ಡೇಟ್: ಒಂದೇ ಆಂಟೆನಾ, ಮೂರು ಟಿವಿ, ಈಗ ಚಿತ್ರ ಒಡೆಯುತ್ತಿಲ್ಲ

ಡಲ್ಲಾಸ್‌ನ ನಮ್ಮ ಮನೆಯ ಅಟ್ಟದ ಆಂಟೆನಾವನ್ನು ಮೂರು ಟಿವಿಗಳಿಗೆ ಹಂಚಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ ಎಂದು ಕೇಳಿದ್ದೆನಲ್ಲ, ಸರಿಹೋಯಿತು! ಸಿಗ್ನಲನ್ನು ಹಲವು ಟಿವಿಗಳಿಗೆ ಹಂಚುವ ನಾಲ್ಕು ಕವಲಿನ ಸ್ಪ್ಲಿಟರ್ ಪ್ರತಿ ಕವಲಿನಲ್ಲೂ ಸುಮಾರು 7 ಡೆಸಿಬಲ್ ನುಂಗುತ್ತದೆ, ಅಂದರೆ ಪ್ರತಿ ಟಿವಿಗೆ ತಲುಪುವುದು ಸಿಗ್ನಲ್‌ನ ಐದನೇ ಒಂದು ಪಾಲು ಮಾತ್ರ. ನೀವು ಹೇಳಿದಂತೆ, ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರನ್ನು ಟಿವಿ ಪಕ್ಕದಿಂದ ತೆಗೆದು ಆಂಟೆನಾದ ಬುಡಕ್ಕೇ ಕೂರಿಸಿದೆ. ಸಿಗ್ನಲ್ ಸೊರಗಿದ ಮೇಲೆ ಹಿಗ್ಗಿಸಿದರೆ ಅದರಲ್ಲಿ ಬೆರೆತ ವಿದ್ಯುತ್ ಗದ್ದಲವೂ (ನಾಯ್ಸ್) ಜೊತೆಗೇ ಹಿಗ್ಗುತ್ತದೆ, ಇದೇ ಮುಖ್ಯ ವಿಷಯ. ಆಂಪ್ಲಿಫೈಯರ್‌ಗೆ ಕೇಬಲ್ ಮೂಲಕ ಕರೆಂಟ್ ಕೊಡುವ ಇಂಜೆಕ್ಟರ್ ಕೂಡ ಸ್ಪ್ಲಿಟರ್‌ಗಿಂತ ಮೊದಲೇ ಇದೆ. ಖಾಲಿ ಉಳಿದ ನಾಲ್ಕನೇ ಕಿಂಡಿಗೆ ಸಿಗ್ನಲ್ ಮರಳಿ ಪ್ರತಿಫಲಿಸದಂತೆ ತಡೆಯುವ 75 ಓಮ್ ಟರ್ಮಿನೇಟರ್ (ಮುಚ್ಚಳ) ಹಾಕಿದೆ. ಡಲ್ಲಾಸ್ ಬಳಿಯ ಸೀಡರ್ ಹಿಲ್‌ನ ಪ್ರಸಾರ ಗೋಪುರಗಳಿಂದ ಬರುವ, ಇನ್ನೂ ವಿಎಚ್‌ಎಫ್‌ನಲ್ಲೇ (ಟಿವಿಯ ಕಡಿಮೆ ಆವರ್ತನದ ತರಂಗಪಟ್ಟಿ) ಇರುವ 8ನೇ ಚಾನೆಲ್ ಕೂಡ ಈಗ ಎಲ್ಲ ಕೋಣೆಗಳಲ್ಲೂ ಸ್ಥಿರ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.