43 ಉಳಿ, ಅರ್ಧ ಪರ್ಸು

ಭಾನುವಾರ ಸುರೇಶನ ಮನೆಯಲ್ಲಿ ಇಡ್ಲಿ ತಟ್ಟೆ ಇಡೋಕೆ ಜಾಗ ಇರಲಿಲ್ಲ. ಊಟದ ಮೇಜಿನ ತುಂಬ ಹಸಿರು ರಬ್ಬರ್ ಹಾಸು. ಅದರ ಮೇಲೆ ಕ್ಯಾನ್ವಾಸ್ ಸುರುಳಿ ಬಿಚ್ಚಿಟ್ಟಿದ್ದ. ಸುರುಳಿಯ ಜೇಬುಗಳಲ್ಲಿ ಸಾಲಾಗಿ ಉಳಿ, ಕತ್ತಿ, ಸುತ್ತಿಗೆ, ಸೂಜಿ. ಥೇಟ್ ಆಪರೇಷನ್ ಥಿಯೇಟರ್. ರೋಗಿ ಮಾತ್ರ ಎಲ್ಲೂ ಕಾಣಲಿಲ್ಲ.

"ಒಟ್ಟು ಎಷ್ಟದಾವಪಾ ಇವು?" ಅಂದ ಬಸು.

"ನಲವತ್ತಮೂರು. ಇನ್ನೊಂದು ದಾರಿಯಲ್ಲಿದೆ, ನಾಳೆ ಬರತ್ತೆ."

"ಮಾಡಿದ್ದೇನು?"

ಪದ್ಮ ಅಡುಗೆಮನೆಯಿಂದಲೇ ಕೂಗಿದಳು. "ಅರ್ಧ ಪರ್ಸು! ಮೂರು ತಿಂಗಳಿಂದ ಅರ್ಧದಲ್ಲೇ ಇದೆ."

"ಅರ್ಧವೇ ಸಾಕು ಬಿಡಮ್ಮ" ಅಂದ ನಂಜುಂಡ. "ಇಷ್ಟೆಲ್ಲ ಕೊಂಡ ಮೇಲೆ ಅದರೊಳಗೆ ಇಡೋಕೆ ಏನು ಉಳಿದಿದೆ?"

ಸುರೇಶನಿಗೆ ಇದೆಲ್ಲ ತಾಗುವುದಿಲ್ಲ. ಚರ್ಮದ ಕೆಲಸ ಕಲಿಸೋ ಎರಡು ದಿನದ ವರ್ಕ್‌ಶಾಪ್‌ಗೆ ಹೋಗಿ ಬಂದಾಗಿನಿಂದ ಅವನು ಸಾಫ್ಟ್‌ವೇರಿನವನಲ್ಲ, ಆರ್ಟಿಸನ್. ಹೋದ ವರ್ಷ ಹುಳಿ ಬ್ರೆಡ್ಡಿನ ಆರ್ಟಿಸನ್ ಆಗಿದ್ದ. ಆ ಹಿಟ್ಟು ಇನ್ನೂ ಫ್ರಿಜ್ಜಿನಲ್ಲಿ ಉಸಿರಾಡುತ್ತಿದೆ.

"ನೋಡಿ, ಇದು ಅಂಚು ಚೆಕ್ಕೋ ಉಳಿ. ಇದು ಗೆರೆ ಎಳೆಯೋದು. ಇವು ಹೊಲಿಗೆ ತೂತು ಹೊಡೆಯೋ ಫೋರ್ಕು. ಎರಡು ಹಲ್ಲಿಂದು, ನಾಲ್ಕು ಹಲ್ಲಿಂದು, ಆರು ಹಲ್ಲಿಂದು. ತೂತಿಂದ ತೂತಿಗೆ 4 ಮಿಲಿಮೀಟರ್."

"ಅದು ಬೇಕಾದ್ದೇ" ಅಂದ ನಂಜುಂಡ. "ಆರು ಹಲ್ಲಿಂದು ನೇರ ಸಾಲಿಗೆ, ಎರಡು ಹಲ್ಲಿಂದು ತಿರುವಿಗೆ. ಮುಂದಕ್ಕೆ ಹೋಗುವಾಗ ಮೊದಲನೇ ಹಲ್ಲನ್ನ ಹಿಂದಿನ ಕೊನೇ ತೂತಲ್ಲೇ ಇಟ್ಟು ಹೊಡೀಬೇಕು. ಆಗ ಸಾಲು ಸೊಟ್ಟ ಆಗಲ್ಲ. ಸರಿ, ಮಿಕ್ಕ ನಲವತ್ತು ಯಾತಕ್ಕೆ?"

"ನಿನಗೆ ಹೇಗೆ ಗೊತ್ತು?"

"ಮಿಕ್ಕ ನಲವತ್ತು ಯಾತಕ್ಕೆ, ಅದನ್ನ ಹೇಳು."

ಸುರೇಶ ಮಾತು ತಪ್ಪಿಸಿ ಒಂದು ಮರದ ಕೋಲು ಎತ್ತಿಕೊಂಡ. ಮೈತುಂಬ ತೋಡು ತೋಡು ಇದ್ದ ಕೋಲು, ಲಟ್ಟಣಿಗೆಯ ಮರಿಯ ಹಾಗೆ. ಚರ್ಮದ ಅಂಚಿಗೆ ನೀರು ಸವರಿ ಇದರಿಂದ ಉಜ್ಜಿದರೆ ಗಾಜಿನಂತೆ ಹೊಳೆಯುತ್ತಂತೆ. ಪರ್ಸು ಅರ್ಧಕ್ಕೆ ನಿಂತಿದ್ದೇ ಇಲ್ಲಿ. ಮೂರು ವಾರ ಉಜ್ಜಿದ್ದಾನೆ. ಬೆರಳು ಹೊಳೆಯುತ್ತಿದೆ, ಅಂಚು ಹೊಳೆಯುತ್ತಿಲ್ಲ.

ನಂಜುಂಡ ಆ ಅರ್ಧ ಪರ್ಸನ್ನು ಬೆಳಕಿಗೆ ಹಿಡಿದು ಅಂಚು ನೋಡಿದ. "ಮೇಲೆ ಕಂದು, ಮಧ್ಯೆ ನೀಲಿ ಬೂದಿ. ಇದು ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮ ಕಣೋ. ಶೂಗೆ, ಬ್ಯಾಗಿಗೆ ಚೆನ್ನಾಗಿರತ್ತೆ. ನೀರು ಹಾಕಿ ಉಜ್ಜಿದ್ರೆ ಜನ್ಮದಲ್ಲಿ ಹೊಳೆಯಲ್ಲ. ತಂಗಡಿ ತೊಗಟೆ, ಅಳಲೆಕಾಯಿ ಇಂಥದರಲ್ಲಿ ಹದ ಮಾಡಿದ್ದು ತಗೋಬೇಕಿತ್ತು. ಅದಕ್ಕೆ ಒಂದು ಹನಿ ನೀರು ಬಿಟ್ಟರೆ ಕುಡಿದು ಕಪ್ಪಗಾಗತ್ತೆ. ನಿನ್ನದು ನೀರು ಮುಟ್ಟಲ್ಲ, ಮಡಿ ಜಾಸ್ತಿ."

"ಅಂದ್ರೆ ಮೂರು ವಾರ..."

"ವ್ಯಾಯಾಮ ಆಯ್ತಲ್ಲ."

ಹೋಗಲಿ, ಹೊಲಿಗೆಯಾದರೂ ತೋರಿಸುತ್ತೇನೆ ಅಂತ ಸುರೇಶ ಹಠಕ್ಕೆ ಬಿದ್ದ. ಒಂದೇ ದಾರ, ಎರಡು ತುದಿಗೂ ಸೂಜಿ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ಬೇಕು. ದಾರಕ್ಕೆ ಜೇನುಮೇಣ ತಿಕ್ಕಿರಬೇಕು. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ಹೋಗಬೇಕು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ, ಮೆಷಿನ್ ಹೊಲಿಗೆಯ ಹಾಗೆ ಸರಸರ ಬಿಚ್ಚಿಕೊಳ್ಳುವುದಿಲ್ಲ. ಇಷ್ಟೂ ಸರಿಯಾಗೇ ಹೇಳಿದ. ಮರದ ಇಕ್ಕಳವನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು, ನಾಲಿಗೆ ಕಚ್ಚಿ, ಎರಡು ಸೂಜಿ ತೂರಿಸಿ, ಎರಡೂ ಕೈ ಒಟ್ಟಿಗೆ ಆಚೆಗೆಳೆದ. ಬಲಗೈ ಬಸುವಿನ ಕಾಫಿ ಲೋಟಕ್ಕೆ, ಎಡಗೈ ನನ್ನ ಕನ್ನಡಕಕ್ಕೆ.

"ದಾರ ಗಟ್ಟಿ ಐತಿ ಬಿಡು" ಅಂದ ಬಸು, ಪ್ಯಾಂಟು ಒರೆಸಿಕೊಳ್ಳುತ್ತ.

ಬಸು ಅಥಣಿಯವನು. ಚರ್ಮದ ಮಾತು ಬಂದರೆ ಅವನ ಹಳೇ ಗಾಯ ತೆರೆದುಕೊಳ್ಳುತ್ತದೆ. "ಚಪ್ಪಲಿ ಹೊಲಿಯೂದು ಅಥಣ್ಯಾಗ, ಹೆಸರು ಕೊಲ್ಲಾಪುರದ್ದು. 2019ರಾಗ ಜಿಐ ಟ್ಯಾಗ್ ಬಂತು, ಅಂದ್ರ ಈ ಸೀಮ್ಯಾಗ ಮಾಡಿದ್ದಕ್ಕಷ್ಟ ಈ ಹೆಸರು ಅನ್ನೂ ಸರ್ಕಾರದ ಗುರ್ತು. ನಾಕು ಜಿಲ್ಲಾ ಮಹಾರಾಷ್ಟ್ರದ್ದು, ನಾಕು ನಮ್ಮದು. ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಾಪುರ. ಆದ್ರೂ ಕೊಲ್ಲಾಪುರಿನ ಅಂತಾರ."

"ಅವರಾದ್ರೂ ಪಕ್ಕದವರು" ಅಂದೆ ನಾನು. "2025ರಲ್ಲಿ ಮಿಲಾನ್ ಫ್ಯಾಷನ್ ಷೋನಲ್ಲಿ ಅದೇ ಥರದ ಚಪ್ಪಲಿ ಬಂತಲ್ಲ. ಮೊದಲು ಯಾರ ಹೆಸರೂ ಹೇಳಲಿಲ್ಲ. ಇಲ್ಲಿ ಗಲಾಟೆ ಆದಮೇಲೆ ಭಾರತದ ಚಪ್ಪಲಿಯೇ ಪ್ರೇರಣೆ ಅಂದರು."

"ಪ್ರೇರಣೆ ಅನ್ನೋದು ಒಳ್ಳೇ ಮಾತು" ಅಂದ ನಂಜುಂಡ. "ಪರೀಕ್ಷೇಲಿ ನಾನೂ ಪಕ್ಕದ ಬೆಂಚಿಂದ ಪ್ರೇರಣೆ ಪಡೀತಿದ್ದೆ."

"ಒಂದು ಮಾತು ಹೇಳ್ತೀನಿ ಕೇಳ್ರಿ" ಬಸು ಬಿಡಲಿಲ್ಲ. "ಮಾದಾರ ಚೆನ್ನಯ್ಯ ಅಂತ ಶರಣ ಇದ್ದ. ಅವನ ವಚನದ ಅಂಕಿತದಾಗ ಹತ್ಯಾರ ಬರ್ತಾವ. ಕೈಯುಳಿ, ಕತ್ತಿ, ಅಡಿಗೂಂಟ. ಇವಕ್ಕ ಅಡಿಯಾಗಬೇಡ ಅಂತ."

ನಂಜುಂಡ ಬೆರಳು ಮಡಚಿದ. "ಉಳಿ ಒಂದು, ಕತ್ತಿ ಎರಡು, ಗೂಟ ಮೂರು. ಮೂರಕ್ಕೇ ಆಳಾಗಬೇಡ ಅಂದಿದಾನೆ ಆ ಮಹಾನುಭಾವ. ಸುರೇಶ ನಲವತ್ತಮೂರಕ್ಕೆ ಆಳಾಗಿ, ನಲವತ್ತನಾಲ್ಕನೇ ಯಜಮಾನ ನಾಳೆ ಕೊರಿಯರ್‌ನಲ್ಲಿ ಬರ್ತಾನೆ ಅಂತ ಕಾಯ್ತಿದಾನೆ."

ಇಷ್ಟು ಹೇಳಿ ಜಂಬದಿಂದ ಎದ್ದ. ಎದ್ದವನು ಮುಗ್ಗರಿಸಿದ. ಬಸು ತಂದುಕೊಟ್ಟಿದ್ದ ಅಥಣಿ ಚಪ್ಪಲಿಯ ಉಂಗುಷ್ಟ ಪಟ್ ಅಂತ ಕಿತ್ತುಬಂದಿತ್ತು.

"ಸರ್ಕಲ್‌ನಲ್ಲಿ ಹೊಂಗೆ ಮರದ ಕೆಳಗೆ ಅಜ್ಜ ಕೂರ್ತಾರಲ್ಲ, ಅಲ್ಲಿ ಕೊಟ್ಟು ಬರ್ತೀನಿ" ಅಂದ.

"ಆ ಅಜ್ಜ ಈಗ ಇಲ್ಲ" ಅಂದಳು ಪದ್ಮ. "ಫುಟ್‌ಪಾತಿಗೆ ಹೊಸ ಕಲ್ಲು ಹಾಕಿದರಲ್ಲ, ಆವಾಗಿಂದ ಕಾಣ್ತಿಲ್ಲ. ನನ್ನದೂ ಎರಡು ಜೊತೆ ಹಾಗೇ ಬಿದ್ದಿದೆ."

ನಂಜುಂಡ ಚಪ್ಪಲಿ ಕೈಯಲ್ಲಿ ಹಿಡಿದು ಮತ್ತೆ ಕೂತ. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ನೋಡಿದ.

"ನಿನಗೆ ಹೇಗೆ ಗೊತ್ತು ಅಂದೆಯಲ್ಲ ಸುರೇಶ. ನಮ್ಮೂರಲ್ಲಿ ಅಪ್ಪನಿಗೆ ಮೆಟ್ಟು ಮಾಡಿಕೊಡ್ತಿದ್ದವನ ಹಟ್ಟಿ ಮುಂದೆ ಗಂಟೆಗಟ್ಟಲೆ ಕೂತಿರ್ತಿದ್ದೆ. ಚರ್ಮ ಕುಯ್ಯೋ ರಂಪಿಗೆ ಕತ್ತಿ ಹಿಡಿದು ಬಾರಿನ ತುದಿ ಚೆಕ್ಕೋನು, ಈರುಳ್ಳಿ ಸಿಪ್ಪೆ ಹಾಗೆ ಏಳೋದು. ಮಡಚೋ ಜಾಗ ತೆಳ್ಳಗಿದ್ರೇ ಹೊಲಿಗೆ ಕೂರೋದು. ನಾಲ್ಕು ಸಲ ಚೆಕ್ಕಿದ್ರೆ ಒಂದು ಸಲ ತೊಗಲ ತುಂಡಿನ ಮೇಲೆ ಕತ್ತಿ ಮಸೆಯೋನು. ಮೊಂಡು ಕತ್ತೀನೇ ಕೈ ಕುಯ್ಯೋದು ಮಗಾ ಅನ್ನೋನು."

"ಆಮೇಲೆ?"

"ಆಮೇಲೇನು. ಮೆಟ್ಟು ತಂದು ಅಂಗಳದಲ್ಲಿಟ್ಟು ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲೋನು. ಜಗಲಿ ಹತ್ತುತ್ತಿರಲಿಲ್ಲ. ಹತ್ತಿಸ್ತಿರಲಿಲ್ಲ. ದುಡ್ಡು ಕೈಗೆ ಕೊಡ್ತಿರಲಿಲ್ಲ, ನೆಲಕ್ಕೆ ಹಾಕ್ತಿದ್ದರು. ಹಾಕ್ತಿದ್ದವನು ನಾನೇ." ಸುತ್ತ ಒಮ್ಮೆ ನೋಡಿದ. "ಈಗ ಅದೇ ಚರ್ಮ, ಅದೇ ಉಳಿ, ಇಡ್ಲಿ ತಟ್ಟೆ ಪಕ್ಕದಲ್ಲಿ."

ಯಾರೂ ಮಾತಾಡಲಿಲ್ಲ. ಒಳಗೆ ಕುಕ್ಕರ್ ಒಂದು ಸಲ ಕೂಗಿತು.

ಸುರೇಶ ಚಪ್ಪಲಿಗೆ ಕೈ ಚಾಚಿದ. "ಕೊಡು ಇಲ್ಲಿ."

ಸುರುಳಿಯ ಮೂಲೆಯಲ್ಲಿ ತೊಗಟೆ ಹದದ ಒಂದು ಪಟ್ಟಿ ಇತ್ತು, ಸ್ಯಾಂಪಲ್ ಅಂತ ಬಂದಿದ್ದು. ಅದನ್ನು ನೀರಲ್ಲಿ ಅದ್ದಿ ಮೆತ್ತಗೆ ಮಾಡಿದ. ತುದಿ ಚೆಕ್ಕಿದ, ಇನ್ನೂ ದಪ್ಪವಿತ್ತು, ಮತ್ತೆ ಚೆಕ್ಕಿದ. ಉಳಿಯಿಂದ ಅಟ್ಟೆಗೆ ತೂತು ಹಾಕಿದ. ಅಥಣಿ ಚಪ್ಪಲಿಗೆ ಮೊಳೆ ಹೊಡೆಯಬಾರದು ಅಂತ ಬಸು ಪಕ್ಕದಲ್ಲೇ ಕಾವಲು ಕೂತ. ಮುಕ್ಕಾಲು ಗಂಟೆ ಹಿಡಿಯಿತು. ಹಳದಿ ದಾರ, ಒಂದು ಹೊಲಿಗೆ ಸೊಟ್ಟ. ನಲವತ್ತಮೂರರಲ್ಲಿ ನಾಲ್ಕು ಸಲಕರಣೆ ಮಾತ್ರ ಜೇಬಿಂದ ಹೊರಗೆ ಬಂದಿದ್ದವು. ನಾನು ಎಣಿಸಿದೆ, ಹೇಳಲಿಲ್ಲ.

ನಂಜುಂಡ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ. "ಬಿಗಿ ಇದೆ."

"ಗೊತ್ತಾಯ್ತು" ಅಂತ ಸುರೇಶ ಮೊಬೈಲ್ ತೆಗೆದ. "ಇದಕ್ಕೆ ಮರದ ಕಾಲಚ್ಚು ಬೇಕು. ಒದ್ದೆ ಚರ್ಮಾನ ಅದರ ಮೇಲೇ ಒಣಗಿಸಿದ್ರೆ ಕರೆಕ್ಟಾಗಿ ಕೂರತ್ತೆ. ನಿನ್ನ ಸೈಜ್ ಎಷ್ಟು? ಈಗಲೇ ಆರ್ಡರ್..."

ನಂಜುಂಡ ಚಪ್ಪಲಿ ಸಮೇತ ಕಾಲೆತ್ತಿ ಅವನ ತೊಡೆಯ ಮೇಲಿಟ್ಟ.

"ಅಚ್ಚು ಯಾಕೋ? ಕಾಲೇ ಇಲ್ಲಿದೆಯಲ್ಲ."